ದಣಿವಿನ ಲೆಕ್ಕ ಬರೆಯುವವರು ಯಾರು?

ಕಿರಿಯ ವೈದ್ಯರು ಮುಷ್ಕರ ಹೂಡಿದ ದಿನ ಟಿ.ವಿ. ಕ್ಯಾಮೆರಾ ಮೊದಲು ಹೋಗುವುದು ಬಾಗಿಲು ಹಾಕಿದ ಓಪಿಡಿ ಕಡೆಗೆ. ಚೀಟಿ ಹಿಡಿದು ವಾಪಸಾಗುತ್ತಿರುವ ರೋಗಿಯ ಮುಖ ಕಂಡೊಡನೆ ‘ಇವರ ಗತಿ ಏನು?’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಮುಷ್ಕರದ ದಿನಕ್ಕಷ್ಟೇ ಮೀಸಲಿಡುವುದು ನ್ಯಾಯವಲ್ಲ. ಮೂವತ್ತು ಗಂಟೆ ನಿದ್ದೆಗೆಟ್ಟ ವೈದ್ಯೆಯೊಬ್ಬಳು ಕೇಸ್ ಶೀಟಿನಲ್ಲಿ ಔಷಧದ ಪ್ರಮಾಣ ಬರೆಯುತ್ತಿರುವಾಗಲೂ ಅದೇ ರೋಗಿಯ ಗತಿ ಏನೆಂದು ಕೇಳಬೇಕಾಗುತ್ತದೆ. ಅಂಥ ದಿನಗಳು ವರ್ಷಪೂರ್ತಿ ಇರುತ್ತವೆ, ಅವು ಸುದ್ದಿಯಾಗುವುದಿಲ್ಲ.

ಕಿರಿಯ ವೈದ್ಯರ ಸಂಘಟನೆಯ ದೊಡ್ಡ ಕೆಲಸ ಇರುವುದು ಸುದ್ದಿಯಾಗದ ಆ ದಿನಗಳಲ್ಲಿ ಎಂಬುದು ನನ್ನ ವಾದ. ದುಡಿದ ಗಂಟೆಗಳನ್ನು ದಾಖಲೆಗೆ ತರುವುದು, ಮಿತಿ ಮೀರಿದ ಗಂಟೆಗೆ ಆಸ್ಪತ್ರೆ ಬೆಲೆ ತೆರುವಂತೆ ಮಾಡುವುದು, ಆ ಲೆಕ್ಕ ಬರೆದದ್ದಕ್ಕಾಗಿ ಯಾರ ಭವಿಷ್ಯವೂ ಹಾಳಾಗದಂತೆ ಕಾಯುವುದು: ಈ ಮೂರೂ ನೀರಸ ಕೆಲಸಗಳು. ಇವು ನಡೆಯುವ ಕಡೆ ಮುಷ್ಕರ ಕೊನೆಯ ಅಸ್ತ್ರವಾಗಿರುತ್ತದೆ, ನಡೆಯದ ಕಡೆ ಅದೊಂದೇ ಅಸ್ತ್ರವಾಗಿ ಉಳಿಯುತ್ತದೆ. ಇಂಗ್ಲೆಂಡಿನ ಕಿರಿಯ ವೈದ್ಯರ ಐದು ದಶಕಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಕಿರಿಯ ವೈದ್ಯರೆಂದರೆ ನಿನ್ನೆ ಮೊನ್ನೆ ಪಾಸಾಗಿ ಬಂದ ಹುಡುಗ ಹುಡುಗಿಯರಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಎಂಬಿಬಿಎಸ್ ಮುಗಿಸಿದ ಮೊದಲ ವರ್ಷದವರಿಂದ ಹಿಡಿದು, ಇನ್ನೇನು ಕನ್ಸಲ್ಟೆಂಟ್ ಆಗಲಿರುವ ನಡುವಯಸ್ಕರವರೆಗೆ ಎಲ್ಲರೂ ಈ ಗುಂಪಿನವರೇ. 70,000ಕ್ಕೂ ಹೆಚ್ಚು ಜನ. 2024ರ ಸೆಪ್ಟೆಂಬರ್‌ನಿಂದ ಇವರಿಗೆ ಅಧಿಕೃತವಾಗಿ ರೆಸಿಡೆಂಟ್ ವೈದ್ಯರೆಂಬ ಹೆಸರಿದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಚ್ಚರವಿರುವ ವೈದ್ಯರು ಬಹುಪಾಲು ಇವರೇ. ಆದರೂ ಇವರಷ್ಟು ದುರ್ಬಲ ನೌಕರರು ಆಸ್ಪತ್ರೆಯಲ್ಲಿ ಕಡಿಮೆ. ಕೆಲವು ತಿಂಗಳಿಗೊಮ್ಮೆ ವಿಭಾಗ ಬದಲಾಗುತ್ತದೆ, ಎಷ್ಟೋ ಸಲ ಊರೇ ಬದಲಾಗುತ್ತದೆ, ಹಾಗಾಗಿ ಒಂದು ಕಡೆ ಬೇರೂರಿ ಜಗಳ ಕಾಯಲು ಪುರುಸೊತ್ತಿಲ್ಲ. ಡ್ಯೂಟಿ ಹಾಕುವ ಹಿರಿಯರೇ ಕಲಿಕೆಯ ಬಗ್ಗೆ ಷರಾ ಬರೆಯುವವರೂ ಹೌದು. ಅರ್ಧ ವಿದ್ಯಾರ್ಥಿ, ಅರ್ಧ ನೌಕರ. ದುಡಿಸಿಕೊಳ್ಳುವಾಗ ನೌಕರನ ಅರ್ಧ, ಕೂಲಿ ಕೇಳಿದಾಗ ವಿದ್ಯಾರ್ಥಿಯ ಅರ್ಧ ಮುಂದೆ ಬರುತ್ತದೆ.

ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್, ಅಂದರೆ ಬಿಎಂಎ, 1832ರಲ್ಲಿ ವೂಸ್ಟರ್ ಪಟ್ಟಣದಲ್ಲಿ ಬೇರೆ ಹೆಸರಿನಿಂದ ಶುರುವಾದ ವೈದ್ಯರ ಸಂಘ. ಅದು ಬಹುಕಾಲ ಹಿರಿಯರ ಸಂಘವೇ ಆಗಿತ್ತು. ತಮ್ಮ ಮಾತು ಅಲ್ಲಿ ನಡೆಯುವುದಿಲ್ಲವೆಂದು ಕಂಡ ಕಿರಿಯರು 1966ರಲ್ಲಿ ತಮ್ಮದೇ ಪ್ರತ್ಯೇಕ ಸಂಘ ಕಟ್ಟಿಕೊಂಡರು. ಆ ಪೈಪೋಟಿಯ ಬಿಸಿ ತಟ್ಟಿದ ಮೇಲೆ ಬಿಎಂಎ ಕಿರಿಯರ ಕಡೆ ತಿರುಗಿತು. 1970ರ ದಶಕದ ಮೊದಲರ್ಧದಲ್ಲಿ ಅದು ಕಾನೂನಿನ ಲೆಕ್ಕದಲ್ಲೂ ಕಾರ್ಮಿಕ ಸಂಘವಾಯಿತು. ವೃತ್ತಿಯ ಘನತೆಗೂ ಕಾರ್ಮಿಕ ಸಂಘಕ್ಕೂ ಆಗಿಬರುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದ ಸಂಸ್ಥೆಗೆ ಇದು ಸಣ್ಣ ಹೆಜ್ಜೆಯೇನಲ್ಲ.

1975ರ ಕೊನೆಯ ತಿಂಗಳುಗಳಲ್ಲಿ ಮೊದಲ ದೊಡ್ಡ ಹೋರಾಟ ನಡೆಯಿತು. ಬಾರ್ಬರಾ ಕಾಸಲ್ ಆಗ ಆರೋಗ್ಯ ಖಾತೆಯ ಸಚಿವೆ. ಹಣದುಬ್ಬರ ತಡೆಯಲು ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದ್ದ ಕಾಲ. ವಾರಕ್ಕೆ 40 ಗಂಟೆಯ ಆಚೆಗಿನ ದುಡಿಮೆಗೆ ಬೇರೆ ಹಣ ಕೊಡಬೇಕೆಂದು ಕಿರಿಯರು ಪಟ್ಟು ಹಿಡಿದರು, ತುರ್ತು ಕೆಲಸ ಬಿಟ್ಟು ಉಳಿದದ್ದಕ್ಕೆ ಕೈ ಹಾಕಲಿಲ್ಲ. ತತ್ವ ಗೆದ್ದಿತು, ದರ ಸೋತಿತು. ಹೆಚ್ಚುವರಿ ಗಂಟೆಗೆ ಸಿಕ್ಕಿದ್ದು ಮಾಮೂಲಿ ಗಂಟೆಯ ಸುಮಾರು ಮೂರನೇ ಒಂದು ಪಾಲು ಮಾತ್ರ. ಎಲ್ಲ ಕಡೆ ಓವರ್‌ಟೈಮ್ ದುಬಾರಿ, ಇಲ್ಲಿ ಅಗ್ಗ. ಹೊಸಬರೊಬ್ಬರನ್ನು ನೇಮಿಸುವುದಕ್ಕಿಂತ ಇದ್ದವರನ್ನೇ ಇನ್ನೊಂದು ರಾತ್ರಿ ನಿಲ್ಲಿಸಿಕೊಳ್ಳುವುದು ಆಸ್ಪತ್ರೆಗೆ ಲಾಭವಾಯಿತು. 1980ರ ದಶಕದಲ್ಲೂ ವಾರಕ್ಕೆ ಎಂಬತ್ತು, ತೊಂಬತ್ತು ಗಂಟೆಯ ಡ್ಯೂಟಿ ಮಾಮೂಲಿಯಾಗಿ ಉಳಿದದ್ದು ಯಾರದೋ ಕ್ರೌರ್ಯದಿಂದಲ್ಲ, ಈ ದರಪಟ್ಟಿಯಿಂದ.

ಇಂಥ ಡ್ಯೂಟಿ ವಿಧಿಸುವ ಕರಾರಿನ ವಿರುದ್ಧ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಕಿರಿಯ ವೈದ್ಯ ಜಾನ್‌ಸ್ಟನ್ ಕೋರ್ಟಿಗೆ ಹೋದರು. ವಾರಕ್ಕೆ 40 ಗಂಟೆ ಕೆಲಸ, ಜೊತೆಗೆ ಸರಾಸರಿ ಇನ್ನೂ 48 ಗಂಟೆ ಕರೆದಾಗ ಬರುವ ಡ್ಯೂಟಿ ಎಂದು ಕರಾರಿನಲ್ಲೇ ಬರೆದಿತ್ತು. ‘ಸಹಿ ಹಾಕಿದ್ದೀರಲ್ಲ’ ಎಂಬುದು ಆಡಳಿತದ ವಾದ. ಸಹಿ ಇದ್ದ ಮಾತ್ರಕ್ಕೆ ನೌಕರನ ಆರೋಗ್ಯ ಕೆಡುವಷ್ಟು ದುಡಿಸುವ ಹಕ್ಕು ಮಾಲೀಕನಿಗೆ ಬರುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಹೇಳಿತು. ಅದೇ ಹೊತ್ತಿಗೆ, 1991ರಲ್ಲಿ, ಸರ್ಕಾರ ಮತ್ತು ವೈದ್ಯರ ನಡುವೆ ‘ನ್ಯೂ ಡೀಲ್’ ಎಂಬ ಒಪ್ಪಂದವಾಯಿತು. ಆನ್-ಕಾಲ್ ಡ್ಯೂಟಿಯವರಿಗೆ ವಾರಕ್ಕೆ 72 ಗಂಟೆಯ ಮಿತಿ, ಪೂರ್ಣ ಪಾಳಿಯವರಿಗೆ 56. ಮಿತಿಯೇನೋ ಬಂತು, ಆದರೆ ಮೀರಿದರೆ ಏನು ಎಂಬುದಕ್ಕೆ ಉತ್ತರವಿರಲಿಲ್ಲ. ಹತ್ತು ವರ್ಷ ಅದು ಹಲವು ಆಸ್ಪತ್ರೆಗಳಲ್ಲಿ ಕಾಗದದ ಮೇಲೆಯೇ ಉಳಿಯಿತು.

2000ದ ಕರಾರು ಆ ಉತ್ತರವನ್ನು ಕೊಟ್ಟಿತು. ಸಂಘಟನೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಜಾಣತನದ ಕೆಲಸವಾಗಿ ಕಾಣುವುದು ಇದೇ. ಪ್ರತಿ ರೋಟಾವನ್ನೂ, ಅಂದರೆ ಡ್ಯೂಟಿ ಪಟ್ಟಿಯನ್ನೂ, ಗಂಟೆ ಮತ್ತು ಕಷ್ಟದ ಪ್ರಕಾರ ದರ್ಜೆಗಳಲ್ಲಿ ಹಾಕಿದರು. ನ್ಯೂ ಡೀಲ್ ಮಿತಿಯನ್ನು ಮೀರಿದ ರೋಟಾ ಮೂರನೆಯ ದರ್ಜೆಗೆ ಸೇರುತ್ತಿತ್ತು. 2002ರ ಹೊತ್ತಿಗೆ ಆ ದರ್ಜೆಯವರಿಗೆ ಮೂಲವೇತನದಷ್ಟೇ ಹೆಚ್ಚುವರಿ, ಅಂದರೆ ದುಪ್ಪಟ್ಟು ಸಂಬಳ ಕೊಡಬೇಕಾಯಿತು. ಲೆಕ್ಕ ಹಿಡಿಯಲು ವರ್ಷಕ್ಕೆ ಎರಡು ಸಲ, ಎರಡೆರಡು ವಾರ, ಕಿರಿಯರು ತಮ್ಮ ಡ್ಯೂಟಿಯನ್ನು ತಾವೇ ಬರೆಯಬೇಕು: ಯಾವಾಗ ಬಂದೆ, ಯಾವಾಗ ಹೊರಟೆ, ನಡುವೆ ಎಷ್ಟು ಹೊತ್ತು ಮಲಗಿದೆ. ಒಂದು ರೋಟಾದ ವೈದ್ಯರಲ್ಲಿ ಶೇ 75ರಷ್ಟು ಮಂದಿ ಬರೆದು ಕೊಟ್ಟರೆ ಮಾತ್ರ ಆ ಲೆಕ್ಕಕ್ಕೆ ಮಾನ್ಯತೆ. ಹಾಗಾಗಿ ಸಂಘಟನೆಯ ಸ್ಥಳೀಯ ಕಾರ್ಯಕರ್ತನ ಆ ಎರಡು ವಾರದ ಕೆಲಸವೆಂದರೆ ಘೋಷಣೆ ಕೂಗುವುದಲ್ಲ, ವಾರ್ಡಿನಿಂದ ವಾರ್ಡಿಗೆ ಹೋಗಿ ‘ಫಾರಂ ತುಂಬಿದಿರಾ? ನಿಜ ಬರೆದಿರಾ?’ ಎಂದು ಕೇಳುವುದು. ಇಬ್ಬರು ಸೋಮಾರಿತನ ಮಾಡಿದರೆ, ಒಬ್ಬರು ಹಿರಿಯರಿಗೆ ಹೆದರಿ ಕಡಿಮೆ ಬರೆದರೆ, ಇಡೀ ರೋಟಾದ ಸತ್ಯ ಬಿದ್ದುಹೋಗುತ್ತಿತ್ತು. ವರ್ಷಗಟ್ಟಲೆ ಉಪದೇಶಕ್ಕೆ ಬಗ್ಗದ ಆಡಳಿತಗಳು ಸಂಬಳದ ಬಿಲ್ ಏರಿದ ಕೂಡಲೇ ರೋಟಾ ತಿದ್ದಲು ಕುಳಿತವು. ದಣಿವು ಕಣ್ಣಿಗೆ ಕಾಣದ ಸಂಕಟ, ಅದು ಖರ್ಚಿನ ಬಾಬ್ತಾದಾಗ ಮಾತ್ರ ಆಡಳಿತಕ್ಕೆ ಕಂಡಿತು.

ಈ ನಡುವೆ ಯುರೋಪಿನ ನ್ಯಾಯಾಲಯದಿಂದ ಎರಡು ತೀರ್ಪು ಬಂದವು. ಒಂದು 2000ದಲ್ಲಿ, ಸ್ಪೇನಿನ ವೈದ್ಯರ ಸಂಘಟನೆಯೊಂದು ತಂದ ಮೊಕದ್ದಮೆ. ಇನ್ನೊಂದು 2003ರಲ್ಲಿ, ಜರ್ಮನಿಯ ಕೀಲ್ ನಗರದ ವೈದ್ಯ ಯೇಗರ್ ಅವರದು. ಆಸ್ಪತ್ರೆಯಲ್ಲೇ ಇರಬೇಕೆಂದ ಮೇಲೆ, ಅಲ್ಲಿ ಮಂಚವಿದ್ದು ಮಲಗಿದರೂ ಅದು ಕೆಲಸದ ಸಮಯವೇ ಎಂಬುದು ತೀರ್ಪಿನ ಸಾರ. ಯುರೋಪಿನ ಇದೇ ಕೆಲಸದ ಸಮಯದ ನಿಯಮಕ್ಕೆ ಆಗ ಒಳಪಟ್ಟಿದ್ದ ಬ್ರಿಟನ್ನಿನಲ್ಲಿ ಕಿರಿಯ ವೈದ್ಯರ ಮಿತಿ 2004ರಲ್ಲಿ 58 ಗಂಟೆ, 2007ರಲ್ಲಿ 56, 2009ರಲ್ಲಿ ಸರಾಸರಿ 48 ಎಂದು ಹಂತಹಂತವಾಗಿ ಇಳಿಯಿತು. ಗಂಟೆ ಇಳಿದರೆ ಕಲಿಕೆ ಸೊರಗುತ್ತದೆ ಎಂದು ಶಸ್ತ್ರಚಿಕಿತ್ಸಕರು ಆಗ ಎತ್ತಿದ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕತ್ತರಿ ಹಿಡಿದು ಕಲಿಯುವ ವಿದ್ಯೆಗೆ ಸಮಯ ಬೇಕೇ ಬೇಕು. ಆದರೆ ಹಳೆಯ ಎಂಬತ್ತು ಗಂಟೆಗಳಲ್ಲಿ ಎಷ್ಟು ಕಲಿಕೆಯಾಗಿತ್ತು, ರಕ್ತದ ಸ್ಯಾಂಪಲ್ ಹೊತ್ತು ಓಡಾಡಿದ್ದು ಎಷ್ಟು ಎಂದು ಬಿಡಿಸಿ ನೋಡಿದರೆ ಆ ವಾದ ಅರ್ಧಕ್ಕೆ ಇಳಿಯುತ್ತದೆ.

ಸಂಘಟನೆ ಪ್ರತಿ ಸಲ ಗೆದ್ದಿತೆಂದಲ್ಲ. 2015ರಲ್ಲಿ ಆರೋಗ್ಯ ಸಚಿವ ಜೆರೆಮಿ ಹಂಟ್ ಹೊಸ ಕರಾರು ತರಲು ಹೊರಟಾಗ ಮತ ಹಾಕಿದವರಲ್ಲಿ ಶೇ 98 ಮಂದಿ ಮುಷ್ಕರದ ಪರ ನಿಂತರು. 2016ರ ಏಪ್ರಿಲ್ 26 ಮತ್ತು 27ರಂದು, ಹಗಲಿನ ಹೊತ್ತು, ತುರ್ತು ವಿಭಾಗವನ್ನೂ ಬಿಟ್ಟು ಹೊರಬಂದರು. ಅಷ್ಟು ದಿನ ಯಾರೂ ದಾಟದ ಗೆರೆ ಅದು. ಮೇ ತಿಂಗಳಲ್ಲಿ ನಾಯಕರು ಒಂದು ಒಪ್ಪಂದಕ್ಕೆ ಬಂದರು, ಜುಲೈನಲ್ಲಿ ಸದಸ್ಯರು ಶೇ 58ರಷ್ಟು ಮತದಿಂದ ಅದನ್ನು ತಳ್ಳಿಹಾಕಿದರು. ಬಿಎಂಎಯ ಕಿರಿಯ ವೈದ್ಯರ ಸಮಿತಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಸಚಿವರು ಕರಾರನ್ನು ಹೇರಿದರು. ಮುಂದೆ ಘೋಷಿಸಿದ ಐದೈದು ದಿನಗಳ ಮುಷ್ಕರಗಳನ್ನು ಸಂಘವೇ ವಾಪಸು ಪಡೆಯಿತು. ತಿದ್ದಿದ ಕರಾರಿಗೆ ಸದಸ್ಯರು ಶೇ 82ರಷ್ಟು ಒಪ್ಪಿಗೆ ಕೊಟ್ಟು ಜಗಳ ಮುಗಿದದ್ದು 2019ರಲ್ಲಿ.

ಆದರೂ ಆ ಸೋಲಿನ ಕರಾರಿನೊಳಗೇ ಮುಖ್ಯವಾದದ್ದೊಂದು ಉಳಿದುಕೊಂಡಿತು. ಪ್ರತಿ ಆಸ್ಪತ್ರೆಯಲ್ಲಿ ದುಡಿಮೆಯ ಗಂಟೆ ಕಾಯಲು ‘ಗಾರ್ಡಿಯನ್’ ಎಂಬ ಅಧಿಕಾರಿ. ಪಾಳಿ 13 ಗಂಟೆ ಮೀರುವಂತಿಲ್ಲ, ಯಾವುದೇ ಏಳು ದಿನಗಳಲ್ಲಿ 72 ಗಂಟೆ ದಾಟುವಂತಿಲ್ಲ. ನಿಗದಿತ ಹೊತ್ತು ಮೀರಿ ನಿಲ್ಲಬೇಕಾದವರು ಕಂಪ್ಯೂಟರಿನಲ್ಲಿ ವರದಿ ಹಾಕಬಹುದು, ಅದಕ್ಕೆ ಹಣ ಅಥವಾ ರಜೆ ಸಿಗಬೇಕು. ಮಿತಿ ಮುರಿದ ವಿಭಾಗಕ್ಕೆ ಗಾರ್ಡಿಯನ್ ದಂಡ ಹಾಕಬಹುದು, ದಂಡದ ಒಂದು ಪಾಲು ಆ ವೈದ್ಯರಿಗೆ, ಉಳಿದದ್ದು ಕಿರಿಯರ ಕಲಿಕೆ ಮತ್ತು ಸೌಕರ್ಯದ ನಿಧಿಗೆ. ರಾತ್ರಿ ಪಾಳಿ ಮುಗಿಸಿ ಗಾಡಿ ಓಡಿಸಲಾರದಷ್ಟು ದಣಿದವರಿಗೆ ಮಲಗಲು ಜಾಗ ಅಥವಾ ಮನೆ ಮುಟ್ಟುವ ವ್ಯವಸ್ಥೆ ಮಾಡಬೇಕೆಂಬ ಅಂಶವೂ ಅದರಲ್ಲಿತ್ತು.

ಅಚ್ಚುಕಟ್ಟಾದ ಈ ಏರ್ಪಾಟು ಕೆಲಸ ಮಾಡಿತೇ? ಪೂರ್ತಿ ಮಾಡಲಿಲ್ಲ. ಕಾರಣವೂ ಸರಳ. ಹೆಚ್ಚು ಹೊತ್ತು ದುಡಿದೆನೆಂಬ ವರದಿ ಹೋಗಿ ಸೇರುತ್ತಿದ್ದುದು ಅವರ ಕಲಿಕೆಯ ಮೇಲ್ವಿಚಾರಕರ ಬಳಿಗೇ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ‘ಕೆಲಸ ಬೇಗ ಮುಗಿಸಲು ಬರುವುದಿಲ್ಲವೇ?’ ಎಂಬ ಒಂದೇ ಮಾತು ಸಾಕು, ಮುಂದಿನ ಸಲ ಯಾರೂ ಬರೆಯುವುದಿಲ್ಲ. 2024ರ ಸಂಬಳ ಒಪ್ಪಂದದಲ್ಲಿ ಸಂಘಟನೆ ಈ ದಾರಿಯನ್ನೇ ಬದಲಿಸಲು ಕೇಳಿತು, ಗಂಟೆಯ ವರದಿಗೂ ಕಲಿಕೆಯ ಮೇಲ್ವಿಚಾರಕರಿಗೂ ಇರುವ ನಂಟು ಕಡಿಯುವ ಸುಧಾರಣೆಗೆ ಒಪ್ಪಿಗೆ ಸಿಕ್ಕಿತು. ಸಂಬಳದ ಶೇಕಡಾವಾರು ಲೆಕ್ಕದ ಗದ್ದಲದಲ್ಲಿ ಇದನ್ನು ಗಮನಿಸಿದವರು ಕಡಿಮೆ. ದೂರಗಾಮಿಯಾದದ್ದು ಮಾತ್ರ ಇದೇ.

ದಾಖಲೆಗೆ ಬಾರದ ಕೊರತೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಲೆಸ್ಟರ್ ಆಸ್ಪತ್ರೆಯ ಪ್ರಕರಣವಿದೆ. 2011ರ ಫೆಬ್ರುವರಿಯ ಒಂದು ದಿನ ಅಲ್ಲಿ ಆರು ವರ್ಷದ ಬಾಲಕ ಸೋಂಕಿನ ನಂಜಿನಿಂದ ತೀರಿಕೊಂಡ. ನೋಡಿಕೊಳ್ಳುತ್ತಿದ್ದ ಮಕ್ಕಳ ವಿಭಾಗದ ಕಿರಿಯ ವೈದ್ಯೆ ಹದಿಜಾ ಬಾವಾ-ಗಾರ್ಬಾ ಹೆರಿಗೆ ರಜೆ ಮುಗಿಸಿ ಆಗಷ್ಟೇ ಮರಳಿದ್ದವರು. ಆ ದಿನ ಜೊತೆಗಿರಬೇಕಿದ್ದ ಇನ್ನೊಬ್ಬ ವೈದ್ಯರಿರಲಿಲ್ಲ, ಕನ್ಸಲ್ಟೆಂಟ್ ಬೇರೆ ಊರಿನಲ್ಲಿದ್ದರು, ಕಂಪ್ಯೂಟರ್ ಕೆಟ್ಟು ರಕ್ತಪರೀಕ್ಷೆಯ ಫಲಿತಾಂಶ ತಡವಾಯಿತು. ಅವರಿಂದ ಗಂಭೀರ ತಪ್ಪುಗಳಾದವು ಎಂಬುದೂ ನಿಜ, 2015ರಲ್ಲಿ ನ್ಯಾಯಾಲಯ ಅಪರಾಧಿಯೆಂದಿತು. 2018ರ ಜನವರಿಯಲ್ಲಿ ವೈದ್ಯರ ಪಟ್ಟಿಯಿಂದ ಹೆಸರು ತೆಗೆಯಲಾಯಿತು, ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಆ ಮೇಲ್ಮನವಿಯಲ್ಲಿ ಬಿಎಂಎ ಮತ್ತು ಬ್ರಿಟನ್ನಿನ ಭಾರತೀಯ ಮೂಲದ ವೈದ್ಯರ ಸಂಘ ಎರಡೂ ಮಧ್ಯಪ್ರವೇಶಿಸಿದ್ದವು. ಮಗುವನ್ನು ಕಳೆದುಕೊಂಡ ತಾಯಿತಂದೆಯ ಮುಂದೆ ಈ ವಾದ ಸಲೀಸಲ್ಲ. ಆದರೂ ಕೇಳಬೇಕು: ತಪ್ಪಿಗೆ ವೈದ್ಯೆಯ ಹೆಸರಿದೆ, ಖಾಲಿ ಬಿಟ್ಟ ರೋಟಾಕ್ಕೆ ಯಾರ ಹೆಸರಿದೆ? ಆ ಖಾಲಿ ಜಾಗ ಅದೇ ದಿನ ದಾಖಲಾಗುವಂತೆ ಮಾಡುವ ಸಂಘಟನೆ ವೈದ್ಯರಷ್ಟೇ ರೋಗಿಯನ್ನೂ ಕಾಯುತ್ತದೆ.

ಇನ್ನು ಸಂಘಟನೆಯ ವಿರುದ್ಧದ ವಾದಗಳು. 2023ರ ಮಾರ್ಚ್‌ನಿಂದ ಶುರುವಾದ ಸಾಲು ಮುಷ್ಕರಗಳಲ್ಲಿ 2024ರ ಜನವರಿಯ ಆರು ದಿನಗಳದ್ದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆವರೆಗಿನ ಚರಿತ್ರೆಯಲ್ಲೇ ದೀರ್ಘವಾದದ್ದು. ದಾದಿಯರು, ಕನ್ಸಲ್ಟೆಂಟರು ಎಲ್ಲರ ಮುಷ್ಕರಗಳೂ ಸೇರಿ ಮುಂದೆ ಹೋದ ಚಿಕಿತ್ಸೆ, ಭೇಟಿಗಳ ಸಂಖ್ಯೆ 15 ಲಕ್ಷದ ಹತ್ತಿರ. ಮುಂದೂಡಿದ ಮಂಡಿ ಶಸ್ತ್ರಚಿಕಿತ್ಸೆಯೆಂದರೆ ಯಾರೋ ಒಬ್ಬರು ಇನ್ನೂ ಕೆಲವು ತಿಂಗಳು ನೋವು ತಿನ್ನುವುದು. ಹಿರಿಯರು ವಾರ್ಡಿಗಿಳಿದು ತುರ್ತು ಕೆಲಸ ನೋಡಿಕೊಂಡರೆಂಬುದು ಈ ನಷ್ಟವನ್ನು ಅಳಿಸುವುದಿಲ್ಲ. ಸಂಬಳದ ವಾದದಲ್ಲೂ ಒಂದು ಸಡಿಲ ಕೊಂಡಿಯಿತ್ತು. 2008ರಿಂದ ನೈಜ ವೇತನ ಶೇ 26 ಕುಸಿದಿದೆ ಎಂದು ಬಿಎಂಎ ಹೇಳಿದ್ದು ಆರ್‌ಪಿಐ ಎಂಬ ಬೆಲೆ ಸೂಚ್ಯಂಕ ಹಿಡಿದು. ಅದು 2013ರಲ್ಲೇ ರಾಷ್ಟ್ರೀಯ ಅಂಕಿಅಂಶದ ಮಾನ್ಯತೆ ಕಳೆದುಕೊಂಡ ಅಳತೆ. ಬೇರೆ ಅಳತೆ ಹಿಡಿದರೆ ಕುಸಿತ ಇದ್ದೇ ಇದೆ, ಆದರೆ ಅಷ್ಟಿಲ್ಲ. ಗಂಟೆಯ ಲೆಕ್ಕವನ್ನು ಅಷ್ಟು ಕರಾರುವಾಕ್ಕಾಗಿ ಕೇಳುವ ಸಂಘಟನೆ ಪೌಂಡಿನ ಲೆಕ್ಕದಲ್ಲಿ ತನಗೆ ಅನುಕೂಲವಾದ ತಕ್ಕಡಿ ಹಿಡಿಯುವುದು ಅದರ ನೈತಿಕ ಬಲವನ್ನೇ ತಗ್ಗಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷಕ್ಕೆ ಸೇರಿ ಸರಾಸರಿ ಶೇ 22.3ರ ಏರಿಕೆಯನ್ನು ಸದಸ್ಯರು ಒಪ್ಪಿದರು. ವರ್ಷ ತುಂಬುವ ಮೊದಲೇ, 2025ರ ಜುಲೈನಲ್ಲಿ, ಮತ್ತೆ ಬೀದಿಗಿಳಿದಾಗ ಜನರ ಸಹಾನುಭೂತಿ ಮೊದಲಿನಷ್ಟಿರಲಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಒಳಗಿನದು: ಸಂಘಟನೆ ಯಾರ ಪ್ರತಿನಿಧಿ? 2025ರಲ್ಲಿ ಇಂಗ್ಲೆಂಡಿನ ಸುಮಾರು 10,000 ತಜ್ಞತರಬೇತಿ ಸ್ಥಾನಗಳಿಗೆ 30,000ಕ್ಕೂ ಹೆಚ್ಚು ಮಂದಿ ಪೈಪೋಟಿಗಿಳಿದರು. ಬ್ರಿಟನ್ನಿನಲ್ಲಿ ಓದಿದವರಿಗೆ ಆದ್ಯತೆ ಬೇಕೆಂದು ಬಿಎಂಎ ನಿಲುವು ತಳೆಯಿತು. ಅದರ ಸದಸ್ಯರಲ್ಲಿ ಹೊರದೇಶದಲ್ಲಿ ಓದಿ ಬಂದವರೂ ಬೇಕಾದಷ್ಟಿದ್ದಾರೆ. ಬೆಂಗಳೂರು, ಮೈಸೂರು, ಮಣಿಪಾಲದಲ್ಲಿ ಎಂಬಿಬಿಎಸ್ ಮಾಡಿ, ಸಾಲ ಮಾಡಿ ಬ್ರಿಟನ್ನಿನಲ್ಲಿ ವೃತ್ತಿ ಮಾಡಲು ಬೇಕಾದ ಪ್ಲಾಬ್ ಪರೀಕ್ಷೆ ಬರೆದು, ಅಲ್ಲಿನ ರಾತ್ರಿ ಪಾಳಿಗಳನ್ನು ತುಂಬುವ ಕನ್ನಡಿಗ ವೈದ್ಯರೂ ಆ ಪೈಕಿ ಇದ್ದಾರೆ. ಅಲ್ಲಿಯೇ ದುಡಿದ ಅನುಭವವಿರುವವರನ್ನು ಹೊರಗಿಡಬಾರದೆಂಬ ದನಿಯೂ ಸಂಘದೊಳಗೆ ಎದ್ದಿತು. ಸ್ಥಾನಗಳನ್ನು ಹೆಚ್ಚಿಸದ ಸರ್ಕಾರದ ಮೇಲಿನ ಸಿಟ್ಟು ಪಕ್ಕದ ಸರತಿಯವನ ಮೇಲೆ ತಿರುಗುವುದು ಯಾವ ಸಂಘಟನೆಗೂ ಸುಲಭದ ದಾರಿ. ಆ ದಾರಿ ಹಿಡಿದ ದಿನ ಅದು ಸ್ವಲ್ಪ ಚಿಕ್ಕದಾಗುತ್ತದೆ.

ಇಷ್ಟೆಲ್ಲ ಕುಂದುಗಳಿದ್ದೂ ಅಲ್ಲಿ ಒಂದು ಮೇಜಿದೆ, ಎರಡೂ ಕಡೆಯವರು ಸಹಿ ಹಾಕಿದ ಕರಾರಿದೆ. ಭಾರತದಲ್ಲಿ ಇಲ್ಲದ್ದು ಇದೇ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ಸಂಖ್ಯೆಯನ್ನೇ ಬಿಟ್ಟು ‘ಸಮಂಜಸವಾದ’ ಗಂಟೆಗಳು ಎಂದವು. ಆಯೋಗದ್ದೇ ಮಾನಸಿಕ ಆರೋಗ್ಯ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಮೂರಲ್ಲಿ ಯಾವುದನ್ನು ಮೀರಿದರೂ ದಂಡ ಕಟ್ಟುವವರಿಲ್ಲ. ಇಂಗ್ಲೆಂಡಿನ 1991ರ ಹಂತದಲ್ಲಿ ನಾವಿದ್ದೇವೆ: ಮಿತಿಯಿದೆ, ಬೆಲೆಯಿಲ್ಲ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ತರುಣ ವೈದ್ಯೆ ದೀರ್ಘ ಡ್ಯೂಟಿಯ ನಡುವೆ ಮಲಗಲು ಹೋದದ್ದು ಸೆಮಿನಾರ್ ಹಾಲಿಗೆ. ದಣಿದವರಿಗೆ ಮಲಗುವ ಜಾಗ ಎಂಬ ಕರಾರಿನ ಒಂದು ಸಾಲು ಎಷ್ಟು ಮುಖ್ಯವೆಂದು ಹೇಳಲು ಬೇರೆ ಉದಾಹರಣೆ ಬೇಡ.

ಕರ್ನಾಟಕದಲ್ಲೂ ರೆಸಿಡೆಂಟ್ ವೈದ್ಯರ ಸಂಘವಿದೆ, ಶಿಷ್ಯವೇತನಕ್ಕಾಗಿ ಹಲವು ಸಲ ಹೋರಾಡಿದೆ. ಆದರೆ ಪಿ.ಜಿ.ಗಳು ದಾಖಲೆಯಲ್ಲಿ ವಿದ್ಯಾರ್ಥಿಗಳು. ಪ್ರಬಂಧಕ್ಕೆ ಗೈಡ್ ಸಹಿ ಬೇಕು, ಪರೀಕ್ಷೆಗೆ ಹಾಜರಾತಿ ಬೇಕು. ಮೂರು ವರ್ಷ ಕಳೆದರೆ ಪದಾಧಿಕಾರಿಗಳೇ ಊರು ಬಿಟ್ಟಿರುತ್ತಾರೆ, ಹಿಂದಿನ ಮಾತುಕತೆಯ ನೆನಪೂ ಅವರೊಂದಿಗೆ ಹೋಗುತ್ತದೆ. ಹಾಗಾಗಿ ಮನವಿ, ಕಪ್ಪುಪಟ್ಟಿ, ಓಪಿಡಿ ಬಂದ್, ಎಸ್ಮಾದ ಬೆದರಿಕೆ, ಸಚಿವರ ಭರವಸೆ, ಮತ್ತೆ ಮನವಿ. ಅಮೆರಿಕದಲ್ಲೂ 1976ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿ ರೆಸಿಡೆಂಟರನ್ನು ವಿದ್ಯಾರ್ಥಿಗಳೆಂದು ಬದಿಗೆ ಸರಿಸಿತ್ತು. 1999ರಲ್ಲಿ ಅದೇ ಮಂಡಳಿ ಬಾಸ್ಟನ್ ಪ್ರಕರಣದಲ್ಲಿ ತನ್ನ ಮಾತು ತಿದ್ದಿಕೊಂಡಿತು: ಕಲಿಯುತ್ತಿದ್ದಾರೆಂಬ ಕಾರಣಕ್ಕೆ ಅವರು ನೌಕರರಾಗದೆ ಹೋಗುವುದಿಲ್ಲ.

ನಾವು ಕೇಳಬೇಕಾದದ್ದು ದುಬಾರಿಯದ್ದೇನಲ್ಲ. ಡ್ಯೂಟಿಯ ಗಂಟೆ ಯೂನಿಟ್ ಮುಖ್ಯಸ್ಥರ ಕೈಗೆ ಸಿಗದ ದಾಖಲೆಯಲ್ಲಿ ಸೇರಬೇಕು. ಆ ದಾಖಲೆ ನೋಡುವ ಅಧಿಕಾರಿಗೂ ಪರೀಕ್ಷೆಯ ಅಂಕಕ್ಕೂ ಸಂಬಂಧವಿರಬಾರದು. ಮಿತಿ ಮೀರಿದ ಪ್ರತಿ ಗಂಟೆಗೂ ಸಂಸ್ಥೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಹಣ ತೆರಬೇಕು. ರೆಸಿಡೆಂಟರ ಸಂಘಕ್ಕೆ ವರ್ಷಕ್ಕೊಮ್ಮೆ ಮಾತುಕತೆಯ ಶಾಸನಬದ್ಧ ಹಕ್ಕು ಬೇಕು. ಇವಿಷ್ಟಾದರೆ ಮುಷ್ಕರ ನಿಂತೇಹೋಗುತ್ತದೆ ಎನ್ನಲಾರೆ, ಇಂಗ್ಲೆಂಡಿನಲ್ಲಿ ನಿಂತಿಲ್ಲ. ಆದರೆ ಮುಷ್ಕರದ ದಿನ ‘ರೋಗಿಗಳ ಗತಿ ಏನು?’ ಎಂದು ಕಿರಿಯ ವೈದ್ಯರನ್ನು ಕೇಳುವ ಸರ್ಕಾರ, ಉಳಿದ ದಿನಗಳಲ್ಲಿ ಅದೇ ಪ್ರಶ್ನೆಗೆ ತಾನು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರವನ್ನು ಪ್ರತಿ ತಿಂಗಳೂ ಕೇಳಿ ಪಡೆಯುವ ಸಂಘಟನೆಯನ್ನು ನಾವು ರೋಗಿಗಳ ವಿರೋಧಿಯೆಂದು ಕರೆಯುವುದನ್ನು ಬಿಡಬೇಕು.